ಹಿಡಿಯುವವನ ಲೆಕ್ಕ

ಈ ಬಾರಿ ಆಯ್ದುಕೊಂಡ ಪತ್ರಗಳೆಲ್ಲ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವು. ಸುಗ್ಗಿ ಮುಗಿದು ಊರೂರಲ್ಲಿ ಹೊನಲು ಬೆಳಕಿನ ಕಬಡ್ಡಿ ಶುರುವಾದ ಮೇಲೆ ಬರೆದವು. ಒಂದು ಪತ್ರ ಮಾತ್ರ ಕಬಡ್ಡಿ ಬಿಟ್ಟು ಅಮೆರಿಕಕ್ಕೆ ಹೋಗಿದೆ, ಆದರೆ ಅದರೊಳಗಿನ ಪ್ರಶ್ನೆಯೂ ಉಳಿದವುಗಳದ್ದೇ. ಎದುರಾಳಿಯನ್ನು ತಡೆದು ಹಿಡಿಯುವುದನ್ನೇ ಬದುಕು ಮಾಡಿಕೊಂಡ ಆಟಗಾರನ ದಾರಿ ಹೇಗಿರುತ್ತದೆ ಎಂದು ಎಲ್ಲರೂ ಕೇಳಿದ್ದಾರೆ.

ಪ್ರಶ್ನೆ: ಸರ್, ನಾನು ಬಿ.ಕಾಂ. ಓದ್ತಿದ್ದೀನಿ. ಊರ ತಂಡದಲ್ಲಿ ರೈಟ್ ಕಾರ್ನರ್. ಯಾವ ಪಂದ್ಯಾವಳಿಗೆ ಹೋದರೂ ಬೆಸ್ಟ್ ರೈಡರ್‌ಗೆ ಸೈಕಲ್ಲೋ ಟಿ.ವಿ.ಯೋ ಕೊಡ್ತಾರೆ, ಬೆಸ್ಟ್ ಕ್ಯಾಚರ್‌ಗೆ ಒಂದು ಸಣ್ಣ ಟ್ರೋಫಿ. ಜನ ಕೂಗೋದೂ ರೈಡರ್ ಹೆಸರನ್ನೇ. ಸ್ನೇಹಿತರು ‘ರೈಡಿಂಗ್‌ಗೆ ಬಂದುಬಿಡು’ ಅಂತಿದ್ದಾರೆ. ಬದಲಾಯಿಸಲಾ?
— ಪದವಿ ವಿದ್ಯಾರ್ಥಿ, ಕನಕಪುರ

ಉತ್ತರ: ಬೇಡ ಕಣಪ್ಪ. ರೈಡಿಂಗ್ ಕಲಿ, ಆದರೆ ಕಾರ್ನರ್ ಬಿಡಬೇಡ. ಬೋನಸ್ ಗೆರೆಗೆ ಕಾಲು ಚಾಚುವಾಗ ರೈಡರ್‌ನ ಮೈಭಾರ ಎತ್ತ ವಾಲುತ್ತದೆ, ಉಸಿರು ಕಡಿಮೆಯಾದಾಗ ಅವನು ಯಾವ ಕಡೆಯಿಂದ ವಾಪಸ್ ಓಡಲು ನೋಡುತ್ತಾನೆ ಎಂಬುದು ತಾನೇ ರೈಡ್ ಮಾಡಿದವನಿಗೆ ಬೇಗ ತಿಳಿಯುತ್ತದೆ. ಆ ತಿಳಿವಳಿಕೆಗಾಗಿ ಕಲಿ.

2019ರ ಜನವರಿ 5ರಂದು ಮುಂಬೈನಲ್ಲಿ ನಡೆದ ಪ್ರೊ ಕಬಡ್ಡಿ ಫೈನಲ್ ನೆನಪಿದೆಯಾ? ನಮ್ಮ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಮೊದಲ ಸಲ ಕಪ್ ಎತ್ತಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಅಂಥ ಆಟ ಮತ್ತೆ ಮತ್ತೆ ಸಿಗುವುದಿಲ್ಲ, ಅವರಿಗೆ ಸಂದ ಹೊಗಳಿಕೆ ನ್ಯಾಯವಾದದ್ದೇ. ಆದರೆ ಗೆಲುವಿನ ಅಂತರ ಐದೇ ಅಂಕ. ಗುಜರಾತಿನ ರೈಡರ್‌ಗಳನ್ನು ಹೊರಗೆ ಕೂರಿಸಿದವರು ಯಾರು ಎಂದು ಕೇಳಿದರೆ ಬುಲ್ಸ್ ಅಭಿಮಾನಿಗಳೇ ತಡವರಿಸುತ್ತಾರೆ. ಮಹೇಂದರ್ ಸಿಂಗ್, ಅಮಿತ್ ಶೆರಾನ್ ಅವರಂಥವರು ಆ ಸೀಸನ್ ಉದ್ದಕ್ಕೂ ಹಿಂದೆ ನಿಂತು ದುಡಿದಿದ್ದರು.

ಹಿಡಿತದ ಬೆಲೆ ಅಂಕಪಟ್ಟಿಯಲ್ಲಿ ಪೂರ್ತಿ ಕಾಣುವುದಿಲ್ಲ. ಒಂದು ರೈಡ್‌ಗೆ 30 ಸೆಕೆಂಡು. ಎರಡೂ ತಂಡ ಸರದಿಯಂತೆ ಹೋದರೆ ನಿಮಿಷಕ್ಕೆ ಒಂದೊಂದು ರೈಡ್. ಎದುರಾಳಿಯ ದೊಡ್ಡ ರೈಡರ್‌ನನ್ನು ನೀನು ಹಿಡಿದೆ, ಅವನು ಆರು ನಿಮಿಷ ಹೊರಗೆ ಕೂತ ಎಂದಿಟ್ಟುಕೋ. ನಿನ್ನ ಹೆಸರಿನ ಮುಂದೆ ಬರೆಯುವುದು ಒಂದೇ ಅಂಕ. ಆದರೆ ಅವನು ಮಾಡಬೇಕಿದ್ದ ಆರು ರೈಡ್ ಬೇರೆಯವರ ಪಾಲಾಯಿತು, ನಿಮ್ಮಲ್ಲಿ ಔಟಾಗಿದ್ದ ಒಬ್ಬ ಒಳಗೆ ಬಂದ, ಅವರ ಎರಡನೇ ರೈಡರ್ ಗಾಬರಿಯಲ್ಲಿ ಕಾಲಿಟ್ಟ. ಇವಿಷ್ಟನ್ನೂ ಯಾರೂ ಬರೆದಿಡುವುದಿಲ್ಲ. ಬಹುಮಾನ ಕೊಡುವವರ ಕಣ್ಣು ತಪ್ಪುವುದು ಇಲ್ಲೇ.

ಬರೀ ಹಿಡಿತದಿಂದಲೇ ಹೆಸರು ಮಾಡಲು ಆಗುತ್ತದಾ ಎಂಬುದು ನಿನ್ನ ಮನಸ್ಸಿನ ಪ್ರಶ್ನೆ ಎಂದುಕೊಳ್ಳುತ್ತೇನೆ. ಆಗುತ್ತದೆ. ಬುಲ್ಸ್ ತಂಡವನ್ನು ಶುರುವಿನ ದಿನಗಳಲ್ಲಿ ಮುನ್ನಡೆಸಿದ ಮಂಜೀತ್ ಛಿಲ್ಲರ್ ಮೊದಲು ಕುಸ್ತಿಪಟು. ಮಣ್ಣಿನಲ್ಲಿ ಕಲಿತ ಪಟ್ಟನ್ನು ಕಬಡ್ಡಿಗೆ ತಂದವರು. ಪ್ರೊ ಕಬಡ್ಡಿಯಲ್ಲಿ 391 ಟ್ಯಾಕಲ್ ಅಂಕ ಗಳಿಸಿದರು, 2015ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅದೇ ವರ್ಷದ ಫೈನಲ್‌ನಲ್ಲಿ ಬುಲ್ಸ್ ತಂಡವನ್ನು ಸೋಲಿಸಿದ ಯು ಮುಂಬಾಗೆ ಇರಾನಿನ ಹೊಸ ಲೆಫ್ಟ್ ಕಾರ್ನರ್ ಒಬ್ಬರು ಬಂದಿದ್ದರು, ಫಜಲ್ ಅತ್ರಾಚಲಿ. ಏಳು ವರ್ಷದ ಮೇಲೆ ಮಂಜೀತ್ ದಾಖಲೆಯನ್ನು ಅವರೇ ದಾಟಿದರು, 2024ರಲ್ಲಿ 500 ಟ್ಯಾಕಲ್ ಅಂಕ ಮುಟ್ಟಿದ ಮೊದಲ ಆಟಗಾರ ಎನಿಸಿಕೊಂಡರು. 2018ರ ಜಕಾರ್ತ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಭಾರತವನ್ನು 27–18ರಿಂದ ತಡೆದ ಇರಾನ್ ತಂಡದಲ್ಲೂ ಇದ್ದರು. 1990ರಿಂದ ಸತತವಾಗಿ ನಮ್ಮದಾಗಿದ್ದ ಚಿನ್ನ ಅಂದು ಕೈತಪ್ಪಿತು. ಭಾರತದ ರೈಡರ್‌ಗಳಿಗೆ ಅಂದು ಎಲ್ಲಿ ಕಾಲಿಡಲೂ ಜಾಗ ಸಿಗಲಿಲ್ಲ.

ದುಡ್ಡಿನ ಮಾತನ್ನೂ ಮುಚ್ಚಿಡುವುದಿಲ್ಲ. ಪ್ರೊ ಕಬಡ್ಡಿ ಹರಾಜಿನಲ್ಲಿ ಮೊದಲು ಕೋಟಿ ಮುಟ್ಟಿದ್ದು ರೈಡರ್ ಅಲ್ಲ, 2018ರಲ್ಲಿ ಇದೇ ಫಜಲ್. ಅದೇ ಹರಾಜಿನಲ್ಲಿ ರೈಡರ್ ಮೋನು ಗೋಯತ್ 1.51 ಕೋಟಿಗೆ ಹೋದರು ಎಂಬುದೂ ನಿಜ. 2023ರಲ್ಲಿ ಇರಾನಿನ ಇನ್ನೊಬ್ಬ ಕಾರ್ನರ್ ಮೊಹಮ್ಮದ್‌ರೆಜಾ ಶಾದ್ಲೂಯಿ ಅವರಿಗೆ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟಿತು. ಆ ತಂಡದ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಆ ಸೀಸನ್ ಕಪ್ ಪುಣೇರಿಯದ್ದೇ ಆಯಿತು.

ಈಗ ನಿನ್ನ ಕೆಲಸ. ರೈಟ್ ಕಾರ್ನರ್‌ನ ಆಯುಷ್ಯ ರೈಟ್ ಕವರ್‌ನ ಕೈಯಲ್ಲಿದೆ. ನೀನು ಆಂಕಲ್ ಹಿಡಿದ ಕ್ಷಣಕ್ಕೆ ಕವರ್ ಎದೆ ಕೊಟ್ಟು ದಾರಿ ಮುಚ್ಚದಿದ್ದರೆ ರೈಡರ್ ನಿನ್ನನ್ನೂ ಎಳೆದುಕೊಂಡು ಗೆರೆ ಮುಟ್ಟುತ್ತಾನೆ. ಆ ಹುಡುಗನ ಜೊತೆ ದಿನಾ ಅಭ್ಯಾಸ ಮಾಡು, ಅವನ ಕಣ್ಸನ್ನೆ ನಿನಗೆ ಅರ್ಥವಾಗುವ ತನಕ. ರೈಡರ್ ಮೈ ಮುಟ್ಟುವ ಮೊದಲೇ ನುಗ್ಗುವ ಚಪಲ ಬಿಡು. ನಿಮ್ಮ ವಯಸ್ಸಿನ ಕಾರ್ನರ್‌ಗಳಲ್ಲಿ ಅರ್ಧಕ್ಕರ್ಧ ಜನ ಔಟಾಗುವುದು ಅವಸರದಿಂದ.

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಶಿಕ್ಷಕ. ಮಗ ಸಂಸಾರ ಸಮೇತ ನ್ಯೂಜೆರ್ಸಿಯಲ್ಲಿದ್ದಾನೆ. ಮೊಮ್ಮಗ ಹೈಸ್ಕೂಲಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ. ವಿಡಿಯೊ ಕರೆಯಲ್ಲಿ ‘ತಾತ, ನಾನು ಲೈನ್‌ಬ್ಯಾಕರ್’ ಎನ್ನುತ್ತಾನೆ, ಲಾರೆನ್ಸ್ ಟೇಲರ್ ಎಂಬ ಹಳೆಯ ಆಟಗಾರನ ಹೆಸರಿನ, 56ನೇ ನಂಬರಿನ ಅಂಗಿ ತೋರಿಸುತ್ತಾನೆ. ನನಗೆ ಆ ಆಟದ ತಲೆಬುಡ ತಿಳಿಯದು. ಅವನೊಡನೆ ಮಾತಾಡುವಷ್ಟಾದರೂ ತಿಳಿಸಿಕೊಡಿ.
— ಚನ್ನಪಟ್ಟಣ

ಉತ್ತರ: ಮೇಷ್ಟ್ರೇ, ನಿಮ್ಮ ಮೊಮ್ಮಗ ಒಳ್ಳೆಯ ಗುರುವನ್ನೇ ಹಿಡಿದಿದ್ದಾನೆ. ಟೇಲರ್ ಆಡಿದ್ದು ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ. ಹೆಸರು ನ್ಯೂಯಾರ್ಕ್ ಆದರೂ ಆ ತಂಡದ ಅಂಗಳ ಇರುವುದು ನ್ಯೂಜೆರ್ಸಿಯಲ್ಲೇ, ಹಾಗಾಗಿ ಹುಡುಗನಿಗೆ ಅವರು ಊರ ಆಟಗಾರನಿದ್ದಂತೆ.

ಆಟ ಹೀಗೆ. ಒಂದೊಂದು ಕಡೆ 11 ಜನ, ಅಂಗಳದ ಉದ್ದ 100 ಗಜ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಚೆಂಡು ಯಾರಿಗೆ ಹೋಗಬೇಕೆಂದು ತೀರ್ಮಾನಿಸಿ ಎಸೆಯುವವನು ಕ್ವಾರ್ಟರ್‌ಬ್ಯಾಕ್. ಕಬಡ್ಡಿಯಲ್ಲಿ ಈಗ ಹಿಡಿದವನೇ ಆಮೇಲೆ ರೈಡ್‌ಗೂ ಹೋಗಬಹುದು, ಅಲ್ಲಿ ಸಾಮಾನ್ಯವಾಗಿ ಹಾಗಲ್ಲ. ಚೆಂಡು ಒಯ್ಯುವ ಹನ್ನೊಂದು ಜನ ಬೇರೆ, ತಡೆಯುವ ಹನ್ನೊಂದು ಜನ ಬೇರೆ. ತಡೆಯುವವರಲ್ಲಿ ಎದುರಾಳಿಯ ಮೂತಿಗೆ ಮೂತಿ ಕೊಟ್ಟು ನಿಲ್ಲುವವರು ಮೊದಲ ಸಾಲು. ಅವರ ಬೆನ್ನ ಹಿಂದೆ ಲೈನ್‌ಬ್ಯಾಕರ್‌ಗಳು. ಇನ್ನೂ ಹಿಂದೆ, ಉದ್ದನೆಯ ಎಸೆತ ಕಾಯುವವರು. ನಿಮ್ಮ ಮೊಮ್ಮಗನದು ನಡುವಿನ ಜಾಗ, ಓಡಿ ಬರುವವನನ್ನೂ ಕೆಡವಬೇಕು, ಎಸೆತಕ್ಕೂ ಹಿಂದೆ ಸರಿಯಬೇಕು, ಸಮಯ ನೋಡಿ ಕ್ವಾರ್ಟರ್‌ಬ್ಯಾಕ್ ಮೇಲೂ ನುಗ್ಗಬೇಕು. ಚೆಂಡು ಕೈಬಿಡುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರೆ ಅದಕ್ಕೆ ಸ್ಯಾಕ್ ಎನ್ನುತ್ತಾರೆ.

ಟೇಲರ್ ಹುಟ್ಟಿದ್ದು 1959ರಲ್ಲಿ, ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ. 1981ರಲ್ಲಿ ಹೊಸ ಆಟಗಾರರ ಆಯ್ಕೆಯಲ್ಲಿ ಎರಡನೆಯವರಾಗಿ ಜೈಂಟ್ಸ್ ಸೇರಿದರು. ಮೊದಲ ವರ್ಷವೇ ಅಲ್ಲಿನ ವೃತ್ತಿಪರ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರ ಎಂಬ ಗೌರವ, 1982ರಲ್ಲೂ ಅದೇ, 1986ರಲ್ಲಿ ಮತ್ತೆ. 1986ರಲ್ಲಿ 20.5 ಸ್ಯಾಕ್ ಮಾಡಿ ಇಡೀ ಲೀಗ್‌ನ ಅತ್ಯುತ್ತಮ ಆಟಗಾರ ಎನಿಸಿದರು. ಆ ಪಟ್ಟ ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ಗಳ ಪಾಲು. ರಕ್ಷಣೆಯವರಲ್ಲಿ ಅದನ್ನು ಪಡೆದವರು ಇಬ್ಬರೇ, 1971ರಲ್ಲಿ ಆ್ಯಲನ್ ಪೇಜ್, ಆಮೇಲೆ ಟೇಲರ್. ಅವರಿದ್ದ ತಂಡ ಎರಡು ಸೂಪರ್ ಬೌಲ್ ಗೆದ್ದಿತು. 13 ಸೀಸನ್ ಆಡಿ 1993ರ ಸೀಸನ್‌ನೊಂದಿಗೆ ಮುಗಿಸಿದರು.

ಅಂಕಿಗಳಿಗಿಂತ ದೊಡ್ಡದು, ಒಬ್ಬ ರಕ್ಷಣಾ ಆಟಗಾರನಿಗಾಗಿ ಎದುರಾಳಿಗಳು ತಮ್ಮ ಆಟವನ್ನೇ ತಿದ್ದಿಕೊಳ್ಳಬೇಕಾಯಿತು ಎಂಬುದು. ವಾಷಿಂಗ್ಟನ್ ತಂಡದ ಕೋಚ್ ಜೋ ಗಿಬ್ಸ್ ಟೇಲರ್‌ನನ್ನು ತಡೆಯಲೆಂದೇ ಹೆಚ್ಚುವರಿ ಆಳು ನಿಲ್ಲಿಸುವ ಹೊಸ ರಚನೆ ತಂದರು. 1985ರ ನವೆಂಬರ್ 18ರ ರಾತ್ರಿ ಟೇಲರ್ ಕೆಡವಿದಾಗ ಅದೇ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಥೈಸ್‌ಮನ್ ಅವರ ಕಾಲಿನ ಮೂಳೆ ಮುರಿಯಿತು, ಅವರ ಆಟವೇ ಅಲ್ಲಿಗೆ ಮುಗಿಯಿತು. ಕೆಡವಿದ ಟೇಲರ್ ತಾವೇ ಎದ್ದು ವೈದ್ಯರನ್ನು ಕೈಬೀಸಿ ಕರೆದ ದೃಶ್ಯ ಇಂದಿಗೂ ನೋಡಸಿಗುತ್ತದೆ. ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುವ ಎಡಗಡೆಯ ಆಟಗಾರನಿಗೆ ಮುಂದಿನ ವರ್ಷಗಳಲ್ಲಿ ಸಂಬಳ ಏರಿದ್ದರ ಹಿಂದೆ ಟೇಲರ್‌ ಹುಟ್ಟಿಸಿದ ಈ ಭಯವೂ ಇದೆ.

ಕನಕಪುರದ ಹುಡುಗನ ದೂರಿಗೆ ಅಮೆರಿಕದಲ್ಲೂ ಜೊತೆಗಾರರಿದ್ದಾರೆ. ಸ್ಯಾಕ್‌ಗಳನ್ನು ಆ ಲೀಗ್ ಅಧಿಕೃತವಾಗಿ ಎಣಿಸಲು ಆರಂಭಿಸಿದ್ದು 1982ರಲ್ಲಿ. ಹಾಗಾಗಿ ಟೇಲರ್ ಲೆಕ್ಕ 132.5 ಎಂದಿದೆ, 1981ರ ಮೊದಲ ಸೀಸನ್‌ನಲ್ಲಿ ಮಾಡಿದ 9.5 ಅದರಲ್ಲಿ ಸೇರಿಲ್ಲ. ಅವರದಾದರೂ ಒಂದೇ ವರ್ಷ ಹೋಯಿತು. 1961ರಿಂದ 1974ರ ತನಕ ಆಡಿದ ಡೀಕನ್ ಜೋನ್ಸ್ ಅವರದ್ದು ಒಂದೂ ಅಧಿಕೃತ ಪುಸ್ತಕದಲ್ಲಿಲ್ಲ. ಸ್ಯಾಕ್ ಎಂಬ ಹೆಸರು ಬಳಕೆಗೆ ತಂದವರೇ ಅವರು! ಹಳೆಯ ಪಂದ್ಯಗಳ ದಾಖಲೆ ಹುಡುಕಿದವರು 173.5 ಎಂದು ಲೆಕ್ಕ ತೆಗೆದಿದ್ದಾರೆ.

ಇನ್ನೊಂದು ವಿಷಯ. ಟೇಲರ್ ಬದುಕಿನಲ್ಲಿ ಮಾದಕ ವಸ್ತುವಿನ ಅಧ್ಯಾಯವೂ ಇದೆ, 1988ರಲ್ಲಿ ಅದಕ್ಕಾಗಿ 30 ದಿನ ಅಮಾನತು ಅನುಭವಿಸಿದರು. ಮೊಮ್ಮಗನ ಜೊತೆ ಅದನ್ನೂ ಮಾತಾಡಿ, ಅವನಿಗೆ ಗೊತ್ತಿರುತ್ತದೆ. ಮುಂದಿನ ಸಲ ಕರೆ ಬಂದಾಗ ‘ಇವತ್ತು ಎಷ್ಟು ಸ್ಯಾಕ್ ಮಾಡಿದೆ?’ ಎನ್ನಬೇಡಿ. ‘ಇವತ್ತು ನಿನ್ನ ಪಾಲಿಗೆ ಬಂದ ಸಂದು ಯಾವುದು, ಅದನ್ನು ಬಿಟ್ಟುಕೊಟ್ಟೆಯಾ?’ ಎಂದು ಕೇಳಿ ನೋಡಿ. ಅಲ್ಲಿ ಒಬ್ಬೊಬ್ಬ ರಕ್ಷಕನಿಗೂ ಕಾಯಲು ಒಂದೊಂದು ಸಂದು ಹಂಚಿರುತ್ತಾರೆ. ತಾತನ ಬಾಯಲ್ಲಿ ಈ ಮಾತು ಕೇಳಿದರೆ ಹುಡುಗ ಅರ್ಧ ಗಂಟೆ ಫೋನ್ ಇಡುವುದಿಲ್ಲ.

ಪ್ರಶ್ನೆ: ನಮಸ್ಕಾರ ಸಾರ್. ನಾನು ರೀಲರ್, ಬೆಳಗಾದ್ರೆ ಗೂಡಿನ ಮಾರ್ಕೆಟ್ಟು. ಮಗ ಸೆಕೆಂಡ್ ಪಿಯುಸಿ. ಲೆಫ್ಟ್ ಕವರ್ ಚೆನ್ನಾಗಿ ಆಡ್ತಾನೆ ಅಂತ ಎಲ್ರೂ ಅಂತಾರೆ. ಈಗ ಓದು ಬಿಟ್ಟು ಪ್ರೊ ಕಬಡ್ಡಿಗೆ ಹೋಗ್ತೀನಿ ಅಂತ ಕೂತವ್ನೆ. ಅವರಮ್ಮ ಅಳ್ತಾಳೆ. ಏನು ಹೇಳ್ಲಿ?
— ರಾಮನಗರ

ಉತ್ತರ: ಯಜಮಾನ್ರೇ, ಆಟ ಬಿಡಿಸಬೇಡಿ, ಪಿಯುಸಿಯನ್ನಂತೂ ಬಿಡಿಸಲೇಬೇಡಿ. ಕಾರಣ ನೇರವಾಗಿ ಹೇಳುತ್ತೇನೆ, ಮಗನಿಗೇ ಓದಿಸಿ.

ಪ್ರೊ ಕಬಡ್ಡಿಯಲ್ಲಿ 12 ತಂಡ, ಒಂದೊಂದರಲ್ಲಿ 18ರಿಂದ 25 ಆಟಗಾರರು. ಇಡೀ ದೇಶದಿಂದ, ಜೊತೆಗೆ ಇರಾನಿನಂಥ ಕಡೆಯಿಂದ ಬರುವವರೆಲ್ಲ ಇಷ್ಟರೊಳಗೇ. ಹರಿಯಾಣದ ಒಂದೊಂದು ಹಳ್ಳಿಯಲ್ಲೂ ಕವರ್ ಆಡುವ ಗಟ್ಟಿ ಹುಡುಗರಿದ್ದಾರೆ. ನಿಮ್ಮ ಮಗ ಹೋಗಬಾರದು ಎಂದಲ್ಲ, ಹೋಗಲು ಏಣಿಯ ಒಂದೊಂದೇ ಮೆಟ್ಟಿಲು ಹತ್ತಬೇಕು. ತಾಲ್ಲೂಕು, ಜಿಲ್ಲಾ ಮಟ್ಟದ ಕಾಲೇಜು ಕ್ರೀಡಾಕೂಟ, ಮೈಸೂರಿಗೆ ಕರೆದೊಯ್ಯುವ ದಸರಾ ಕ್ರೀಡಾಕೂಟ, ಆಮೇಲೆ ವಿಶ್ವವಿದ್ಯಾಲಯ ತಂಡ, ರಾಜ್ಯದ ಜೂನಿಯರ್ ತಂಡ. ಈ ಮೆಟ್ಟಿಲುಗಳಲ್ಲಿ ಕಾಲೇಜು ಕ್ರೀಡಾಕೂಟ, ವಿಶ್ವವಿದ್ಯಾಲಯ ತಂಡ ಎರಡೂ ಕಾಲೇಜಿನ ದಾಖಲಾತಿ ಇದ್ದವನಿಗೇ ಸಿಗುವುದು. ಓದು ಬಿಟ್ಟವನು ಎರಡು ಮೆಟ್ಟಿಲನ್ನು ತಾನೇ ಒದ್ದಂತೆ.

ಕೆಲಸದ ಮಾತಿಗೆ ಬರೋಣ. ನಮ್ಮ ಕಬಡ್ಡಿ ಆಟಗಾರರನ್ನು ಸಾಕಿದ್ದು ರೈಲ್ವೆ, ಪೊಲೀಸ್, ಬ್ಯಾಂಕುಗಳು. ಬೆಂಗಳೂರಿನಲ್ಲಿ ಒಳ್ಳೆಯ ತಂಡ ಇಟ್ಟುಕೊಂಡಿದ್ದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು, ಹಾಗಾಗಿ ಆ ಬಾಗಿಲು ಮೊದಲಿನಷ್ಟು ಅಗಲವಿಲ್ಲ. ಪೊಲೀಸ್ ಬಾಗಿಲು ತೆರೆದಿದೆ, ಅಲ್ಲಿ ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ ಪಾಸಾಗಿರಬೇಕು. ಪಕ್ಕದ ಚನ್ನಪಟ್ಟಣದ ಪೊಲೀಸ್ ತರಬೇತಿ ಶಾಲೆ ಮಗ ನೋಡಿಯೇ ಇರುತ್ತಾನೆ. ಒಂದು ಪರೀಕ್ಷೆ ಬರೆಯದೆ ಆ ಗೇಟನ್ನು ಮುಚ್ಚಿಕೊಳ್ಳುವುದು ಯಾಕೆ?

ಮೇಷ್ಟ್ರ ಉತ್ತರದಲ್ಲಿ ಆ್ಯಲನ್ ಪೇಜ್ ಹೆಸರು ಬಂತಲ್ಲ, ಅವರ ಕಥೆ ನಿಮ್ಮ ಮಗನಿಗಾಗಿಯೇ ಇದ್ದಂತಿದೆ. 1967ರಿಂದ 1981ರವರೆಗೆ ಆಡಿದರು, ಹೆಚ್ಚಿನ ವರ್ಷ ಮಿನ್ನೆಸೊಟಾ ವೈಕಿಂಗ್ಸ್ ತಂಡದಲ್ಲಿ, ಮೊದಲ ಸಾಲಿನಲ್ಲಿ ಎದೆಗೆ ಎದೆ ಕೊಟ್ಟು. ಲೀಗ್‌ನ ಅತ್ಯುತ್ತಮ ಆಟಗಾರ ಎಂಬ ಪಟ್ಟ ಬಂದ ಮೇಲೂ, ಆಟ ನಡೆಯುತ್ತಿರುವಾಗಲೇ ಕಾನೂನು ಓದಿ 1978ರಲ್ಲಿ ಪದವಿ ಪಡೆದರು. 1993ರಿಂದ 2015ರವರೆಗೆ ಮಿನ್ನೆಸೊಟಾ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ನ್ಯಾಯಮೂರ್ತಿಯಾಗಿದ್ದರು. ಮಕ್ಕಳ ಓದಿಗೆಂದು 1988ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ಮೈ ನೋವಿನಲ್ಲೇ ಪುಸ್ತಕ ಹಿಡಿದ ಆ ವರ್ಷಗಳನ್ನು ನೆನೆದರೆ ನನಗೆ ಅವರ ಸ್ಯಾಕ್‌ಗಳಿಗಿಂತ ಅದೇ ದೊಡ್ಡದೆನಿಸುತ್ತದೆ.

ನಮ್ಮಲ್ಲೂ ನೋಡಿ. ಕರ್ನಾಟಕದ ಸಿ. ಹೊನ್ನಪ್ಪ 2000ದಲ್ಲಿ, ಬಿ.ಸಿ. ರಮೇಶ್ 2001ರಲ್ಲಿ ಅರ್ಜುನ ಪ್ರಶಸ್ತಿ ಪಡೆದಾಗ ಪ್ರೊ ಕಬಡ್ಡಿ ಇರಲಿಲ್ಲ, ಅದು ಹುಟ್ಟಿದ್ದು 2014ರಲ್ಲಿ. ರಮೇಶ್ ಆಟ ಮುಗಿದ ಮೇಲೆ ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, ಆಮೇಲೆ ಪುಣೇರಿಗೆ ಕಪ್ ಗೆಲ್ಲಿಸಿಕೊಟ್ಟರು. ಆಡುವ ವಯಸ್ಸು ಮುಗಿದ ಮೇಲೂ ಆಟದೊಳಗೇ ಬಾಳಬಹುದು. ಅದಕ್ಕೆ ತಲೆ ಬೇಕು, ಓದು ಬೇಕು. ಅವರಮ್ಮನಿಗೆ ಹೇಳಿ, ಮಗ ಹಟ ಹಿಡಿದಿರುವುದು ಒಳ್ಳೆಯ ವಿಷಯಕ್ಕೇ, ದಾರಿಯನ್ನಷ್ಟೇ ತಿದ್ದಬೇಕು.

ಪ್ರಶ್ನೆ: ಸರ್, ನನ್ನ ಎತ್ತರ 5 ಅಡಿ 5 ಅಂಗುಲ, ತೂಕ 62 ಕೆ.ಜಿ. ಕವರ್‌ನಲ್ಲಿ ನಿಲ್ಲಿಸ್ತಾರೆ, ಎಲ್ಲರೂ ನನ್ನ ಮೇಲೆ ಹಾರಿ ಹೋಗ್ತಾರೆ. ಡಿಫೆನ್ಸ್ ನನಗೆ ಆಗಲ್ವಾ?
— ಕಾರ್ಖಾನೆ ಉದ್ಯೋಗಿ, ಬಿಡದಿ

ಉತ್ತರ: ಆಗುತ್ತದೆ, ಜಾಗ ಬದಲಿಸಿಕೊಳ್ಳಿ. ಹಿರಿಯರ ಪಂದ್ಯದಲ್ಲಿ 85 ಕೆ.ಜಿ.ವರೆಗಿನ ರೈಡರ್ ಬರುತ್ತಾನೆ, ಅವನ ಎದೆಗೆ ಎದೆ ಕೊಟ್ಟು ಬ್ಲಾಕ್ ಮಾಡಲು 62 ಕೆ.ಜಿ. ಸಾಲದು. ಕಾರ್ನರ್‌ನಲ್ಲಿ ತಗ್ಗಿ ಕೂತು ಆಂಕಲ್‌ಗೆ ಕೈ ಹಾಕುವವನಿಗೆ ಗಿಡ್ಡ ಮೈ ಅನುಕೂಲವೇ. ಅಮೆರಿಕನ್ ಫುಟ್‌ಬಾಲ್‌ನ ಆ್ಯರನ್ ಡೊನಾಲ್ಡ್ ತಮ್ಮ ಜಾಗಕ್ಕೆ ಗಿಡ್ಡ ಎನಿಸಿಕೊಂಡು 2014ರ ಆಯ್ಕೆಯಲ್ಲಿ 13ನೆಯವರಾಗಿ ಬಂದವರು. ತಗ್ಗಿನಿಂದ ಎದ್ದು ಎದುರಾಳಿಯ ಎದೆಯಡಿ ನುಗ್ಗುವುದನ್ನೇ ಅಸ್ತ್ರ ಮಾಡಿಕೊಂಡು, ಮೂರು ಸಲ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರರಾಗಿ 2024ರಲ್ಲಿ ನಿವೃತ್ತರಾದರು. ಪಾಳಿ ಮುಗಿಸಿ ಬಂದು ಅಭ್ಯಾಸ ಮಾಡುವಿರಾದರೆ ಬಸ್ಕಿಗೂ ಬೆರಳ ಹಿಡಿತಕ್ಕೂ ಹೆಚ್ಚು ಸಮಯ ಕೊಡಿ.

ಪ್ರಶ್ನೆ: ಸರ್, ನಾನು ಪಿಯುಸಿ ಓದ್ತಿರೋ ಹುಡುಗಿ. ಕಾಲೇಜು ತಂಡದಲ್ಲಿ ಎಲ್ಲರಿಗೂ ರೈಡಿಂಗ್ ಮಾತ್ರ ಹೇಳಿಕೊಡ್ತಾರೆ. ಹಿಡಿಯೋಕೆ ಹೋದ್ರೆ ಪೆಟ್ಟಾಗುತ್ತೆ, ಹುಡುಗಿಯರಿಗೆ ಅದು ಬೇಡ ಅಂತಾರೆ. ಮನೆಯಲ್ಲೂ ಅದೇ ಮಾತು. ನನಗೆ ಹಿಡಿಯೋದೇ ಇಷ್ಟ.
— ಕುದೂರು, ಮಾಗಡಿ ತಾಲ್ಲೂಕು

ಉತ್ತರ: ಮಗಳೇ, 2023ರ ಅಕ್ಟೋಬರ್‌ನಲ್ಲಿ ಚೀನಾದ ಹಾಂಗ್‌ಝೌನಲ್ಲಿ ಭಾರತದ ಹುಡುಗಿಯರು ಚೈನೀಸ್ ತೈಪೆಯನ್ನು 26–25ರಿಂದ ಸೋಲಿಸಿ ಏಷ್ಯನ್ ಗೇಮ್ಸ್ ಚಿನ್ನ ತಂದರು. ಆ ಕೂಟದಲ್ಲಿ ಭಾರತದ ನೂರನೇ ಪದಕ ಅದು. ನಾಯಕಿ ಹಿಮಾಚಲದ ರಿತು ನೇಗಿ, ಹಿಡಿಯುವವರು. ಒಂದೇ ಅಂಕದ ಪಂದ್ಯ! ಒಬ್ಬ ರೈಡರ್ ಕೈತಪ್ಪಿ ಗೆರೆ ಮುಟ್ಟಿದ್ದರೆ ಚಿನ್ನವೇ ಇಲ್ಲ. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ವಿಶ್ವಕಪ್ ಗೆದ್ದಾಗಲೂ ನಾಯಕಿ ಅವರೇ, ಆ ತಂಡದಲ್ಲಿ ನಮ್ಮ ದಕ್ಷಿಣ ಕನ್ನಡದ ಧನಲಕ್ಷ್ಮಿ ಪೂಜಾರಿ ಇದ್ದರು. ತೇಜಸ್ವಿನಿ ಬಾಯಿ 2011ರಲ್ಲಿ, ಮಮತಾ ಪೂಜಾರಿ 2014ರಲ್ಲಿ ಅರ್ಜುನ ಪ್ರಶಸ್ತಿ ತಂದ ರಾಜ್ಯ ಇದು. ನಿನಗೆ ಹಿಡಿಯುವುದು ಬೇಡ ಎನ್ನುವವರ ಬಳಿ ಈ ಪುಟ ಓದಿಸು.

ಪೆಟ್ಟಿನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಪೆಟ್ಟು ಬೀಳುವುದು ಹೇಳಿಕೊಡದೆ ಬಿಟ್ಟವರಿಗೆ. ಮೊದಲ ಎರಡು ವಾರ ಯಾರನ್ನೂ ಹಿಡಿಯಬೇಡ. ಮೆತ್ತನೆಯ ಮಣ್ಣಿನಲ್ಲಿ ಭುಜದ ಮೇಲೆ ಉರುಳುವುದನ್ನು, ಮುಂಗೈ ಊರದೆ ಬೀಳುವುದನ್ನು ಕಲಿ. ಕೈ ಚಾಚುವಾಗ ತಲೆ ರೈಡರ್ ಮಂಡಿಯ ಎದುರಿಗೆ ಬರಬಾರದು, ಪಕ್ಕದಲ್ಲಿರಬೇಕು. ಆಮೇಲೆ ನಿಧಾನವಾಗಿ ನಡೆದು ಬರುವ ಗೆಳತಿಯ ಆಂಕಲ್ ಹಿಡಿ, ಆಮೇಲೆ ಓಡಿ ಬರುವವಳದ್ದು. ಹುಡುಗಿಯರ ಅಂಗಳ 12 ಮೀಟರ್ ಉದ್ದ, 8 ಮೀಟರ್ ಅಗಲ, ಗಂಡಸರದ್ದಕ್ಕಿಂತ ಕಿರಿದು. ಅಂದರೆ ಒಳಗೆ ಬಂದ ರೈಡರ್‌ಗೆ ಅಡ್ಡಾಡಲು ಜಾಗ ಕಡಿಮೆ, ಕಾದು ನಿಂತವಳಿಗೆ ಅವಕಾಶ ಹೆಚ್ಚು. ಹೇಳಿಕೊಡುವವರಿಲ್ಲದಿದ್ದರೆ ಇಬ್ಬರು ಗೆಳತಿಯರನ್ನು ಸೇರಿಸಿಕೊಂಡು ಶುರುಮಾಡು, ಚೈನ್ ಹಾಕಲು ಹೇಗೂ ಜೊತೆ ಬೇಕೇ ಬೇಕು.

ಪ್ರಶ್ನೆ: ಸರ್, ನಮ್ಮ ಹುಡುಗನಿಗೆ ಹದಿನೇಳು. ರಾತ್ರಿ ಪಂದ್ಯದಲ್ಲಿ ರೈಡರ್‌ಗೆ ಡ್ಯಾಶ್ ಕೊಡೋಕೆ ಹೋಗಿ ತಲೆಗೆ ತಲೆ ಬಡಿದು ಸ್ವಲ್ಪ ಹೊತ್ತು ಮಂಕಾಗಿದ್ದನಂತೆ. ನೀರು ಚಿಮುಕಿಸಿ ಮುಂದಿನ ಪಂದ್ಯಕ್ಕೂ ಇಳಿಸಿದ್ದಾರೆ. ಮನೆಗೆ ಬಂದವನು ಎರಡು ದಿನ ತಲೆನೋವು ಅಂದ. ಈಗ ಚೆನ್ನಾಗಿದ್ದಾನೆ. ಹೆದರಿಕೆ ಇದೆಯಾ?
— ಒಬ್ಬ ತಾಯಿ, ಹಾರೋಹಳ್ಳಿ

ಉತ್ತರ: ತಾಯಿ, ಮೊದಲು ವೈದ್ಯರಿಗೆ ತೋರಿಸಿ, ನಡೆದದ್ದನ್ನು ಇದ್ದಂತೆ ಹೇಳಿ. ಅವರು ಸರಿ ಎನ್ನುವವರೆಗೆ ಅಂಗಳಕ್ಕೆ ಕಳಿಸಬೇಡಿ. ಈಗ ಚೆನ್ನಾಗಿದ್ದಾನೆ ಎಂದಿದ್ದೀರಿ, ಅದು ಸಮಾಧಾನದ ವಿಷಯ. ಆದರೆ ಅವತ್ತು ಆದದ್ದು ಸಣ್ಣದಲ್ಲ. ಮಿದುಳು ಒಳಗೆ ಅಲುಗಿದ ಮೇಲೆ, ಅದು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಬಹಳ ಹೆಚ್ಚು, ಅದರಲ್ಲೂ ಈ ವಯಸ್ಸಿನವರಿಗೆ. ಪಂದ್ಯಾವಳಿ ನಡೆಸುವವರೆಲ್ಲ ಇದನ್ನು ಓದಬೇಕು: ತಲೆಗೆ ಪೆಟ್ಟು ಬಿದ್ದು ಮಂಕಾದ, ತಡವರಿಸಿದ, ಈಗೇನಾಯಿತೆಂದು ಮರೆತ ಆಟಗಾರನಿಗೆ ಅಂದು ಆಟ ಮುಗಿಯಿತು, ಫೈನಲ್ ಇದ್ದರೂ ಸರಿ. ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ವಿಪರೀತ ಮಂಪರು, ಮಾತು ತೊದಲುವುದು, ಫಿಟ್ಸ್, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಇವುಗಳಲ್ಲಿ ಒಂದಿದ್ದರೂ ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕು.

ಅಮೆರಿಕದವರು ಇದನ್ನು ಬಹಳ ದುಬಾರಿ ಬೆಲೆ ಕೊಟ್ಟು ಕಲಿತರು. ಜೂನಿಯರ್ ಸಿಯಾವ್ ಎಂಬ ಹೆಸರಾಂತ ಲೈನ್‌ಬ್ಯಾಕರ್ 20 ಸೀಸನ್ ಆಡಿದವರು. 2012ರಲ್ಲಿ, 43ನೇ ವಯಸ್ಸಿಗೇ, ತಾವಾಗಿ ಜೀವ ಕಳೆದುಕೊಂಡರು. ಪದೇ ಪದೇ ಬಿದ್ದ ಪೆಟ್ಟಿನಿಂದ ಬರುವ ಮಿದುಳಿನ ಕಾಯಿಲೆ ಅವರಿಗಿತ್ತೆಂದು ಆಮೇಲಿನ ಪರೀಕ್ಷೆಯಲ್ಲಿ ತಿಳಿಯಿತು. ಸಾವಿರಾರು ಮಾಜಿ ಆಟಗಾರರು ಕೋರ್ಟಿಗೆ ಹೋದರು. ಇಂದು ಅಲ್ಲಿ ತಲೆಗೆ ಪೆಟ್ಟಾದ ಅನುಮಾನ ಬಂದರೆ ಆಟಗಾರನನ್ನು ಹೊರಗೆ ಕರೆದು ಪರೀಕ್ಷಿಸುವ ನಿಯಮವಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಆ ಆಟ ಬರುತ್ತಿರುವುದು ಕೂಡ ಕೆಡವುವುದಿಲ್ಲದ ರೂಪದಲ್ಲಿ, ಚೆಂಡು ಹಿಡಿದವನ ಸೊಂಟದ ಪಟ್ಟಿ ಕಿತ್ತರೆ ಅವನ ಓಟ ಅಲ್ಲಿಗೆ ನಿಲ್ಲುತ್ತದೆ.

ಮಗನಿಗೆ ಕಬಡ್ಡಿ ಬಿಡಿಸಿ ಎನ್ನುತ್ತಿಲ್ಲ. ಡ್ಯಾಶ್ ಕೊಡುವವನು ಭುಜ ಮತ್ತು ಸೊಂಟದಿಂದ ಕೊಡಬೇಕು, ತಲೆ ಹಿಂದಿರಬೇಕು, ಕಣ್ಣು ತೆರೆದಿರಬೇಕು. ಅವನಿಗೆ ಕಲಿಸುವವರ ಬಳಿ ನೀವೇ ಒಮ್ಮೆ ಹೋಗಿ ಇದನ್ನು ಕೇಳಿ. ತಾಯಿ ಬಂದು ಕೇಳಿದರೆ ಯಾವ ಕೋಚೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ಮಣ್ಣಿನ ಅಂಗಳದಲ್ಲಿ ಚೆನ್ನಾಗಿ ಹಿಡೀತೀನಿ, ಮ್ಯಾಟ್ ಮೇಲೆ ಹೋದ್ರೆ ಮಂಡಿ ನೋವು. ಯಾಕೆ?
— ಸಾತನೂರು

ಉತ್ತರ: ಮಣ್ಣಿನಲ್ಲಿ ಪಾದ ಸ್ವಲ್ಪ ಜಾರುತ್ತದೆ, ತಿರುಗುವಾಗ ಮಂಡಿಗೆ ಬೀಳುವ ಭಾರ ಅಲ್ಲೇ ಕಳೆದುಹೋಗುತ್ತದೆ. ಮ್ಯಾಟ್‌ನಲ್ಲಿ ಶೂ ಕಚ್ಚಿಕೊಳ್ಳುತ್ತದೆ, ಮೈ ತಿರುಗಿದರೂ ಪಾದ ತಿರುಗುವುದಿಲ್ಲ, ಆ ತಿರುಚು ಮಂಡಿಗೆ ಹೋಗುತ್ತದೆ. ಹೆಜ್ಜೆ ಚಿಕ್ಕದಾಗಿಡಿ, ಮುಂಗಾಲಿನ ಮೇಲೆ ನಿಂತು ಪಾದ ಎತ್ತಿ ತಿರುಗುವ ಅಭ್ಯಾಸ ಮಾಡಿ. ನೋವು ಊತಕ್ಕೆ ತಿರುಗಿದ್ದರೆ ಆಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ.

ಪ್ರಶ್ನೆ: ಸರ್, ನಮ್ಮ ಯುವಕ ಸಂಘದಿಂದ ಪ್ರತಿ ವರ್ಷ ಪಂದ್ಯಾವಳಿ ಮಾಡ್ತೀವಿ. ಬೆಸ್ಟ್ ಕ್ಯಾಚರ್ ಆಯ್ಕೆ ವಿಚಾರಕ್ಕೆ ಪ್ರತಿ ಸಲ ಜಗಳ. ಈ ವರ್ಷ ಸರಿಯಾಗಿ ಮಾಡಬೇಕು ಅಂತ ಇದೆ. ಹೇಗೆ?
— ತಿಪ್ಪಸಂದ್ರ, ಮಾಗಡಿ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿ ನಿಜಕ್ಕೂ ಸಂತೋಷವಾಯಿತು. ಜಗಳ ಬರುವುದು ಹಿಡಿತವನ್ನು ನೆನಪಿನಿಂದ ಎಣಿಸುವುದರಿಂದ. ಅಂಕ ಬರೆಯುವವರ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿ, ರಕ್ಷಣೆಗೆಂದೇ ಬೇರೆ ಹಾಳೆ ಕೊಡಿ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರಿಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತದೆ.

ಒಬ್ಬೊಬ್ಬ ಆಟಗಾರನ ಹೆಸರಿನ ಮುಂದೆ ಅವನು ಮೊದಲು ಕೈಹಾಕಿ ಹಿಡಿದದ್ದು, ಬೇರೆಯವರು ಹಿಡಿದಾಗ ಜೊತೆ ಕೊಟ್ಟದ್ದು, ಹಿಡಿಯಲು ಹೋಗಿ ತಪ್ಪಿ ಔಟಾದದ್ದು, ಈ ಮೂರನ್ನೂ ಬೇರೆ ಬೇರೆ ಬರೆಯಬೇಕು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಐದು ಹಿಡಿದು ಆರು ಸಲ ತಪ್ಪಿದವನಿಗಿಂತ ನಾಲ್ಕು ಹಿಡಿದು ಒಮ್ಮೆ ತಪ್ಪಿದವನು ತಂಡಕ್ಕೆ ಹೆಚ್ಚು ಬೇಕಾದವನು. ಅಂಗಳದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗಿನ ಹಿಡಿತಕ್ಕೆ, ಅಂದರೆ ಸೂಪರ್ ಟ್ಯಾಕಲ್‌ಗೆ, ಪ್ರೊ ಕಬಡ್ಡಿಯಲ್ಲಿ ಎರಡು ಅಂಕ. ನೀವೂ ಹಾಗೇ ಗುರುತು ಹಾಕಿ. ಆಗುವುದಾದರೆ ಇನ್ನೊಂದು ಕೆಲಸ ಮಾಡಿ: ಹಿಡಿಸಿಕೊಂಡ ರೈಡರ್ ಹೊರಗೆ ಹೋದ ಸಮಯ, ಒಳಗೆ ಬಂದ ಸಮಯ ಬರೆಯಿರಿ. ಯಾವ ಹಿಡಿತ ಪಂದ್ಯ ತಿರುಗಿಸಿತು ಎಂಬುದು ಅದರಲ್ಲಿ ಕಾಣುತ್ತದೆ. ಸಮನಾದರೆ ಜೊತೆ ಕೊಟ್ಟ ಲೆಕ್ಕ ಹೆಚ್ಚಿರುವವನಿಗೆ ಕೊಡಿ.

ಉಸಿರುಗಟ್ಟಿಸಲು ಬಾಯಿ ಮುಚ್ಚುವುದು, ಕಾಲಿನಲ್ಲಿ ಕತ್ತರಿ ಹಾಕುವುದು, ಬಟ್ಟೆ ಅಥವಾ ಕೂದಲು ಹಿಡಿದು ಎಳೆಯುವುದು ಕಂಡರೆ ಆ ಹಿಡಿತ ಲೆಕ್ಕಕ್ಕೇ ಬೇಡ ಎಂದು ಪಂದ್ಯಕ್ಕೆ ಮೊದಲೇ ಎಲ್ಲ ನಾಯಕರಿಗೂ ಹೇಳಿ. ಬಹುಮಾನದ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿಲ್ಲ, ಆದರೂ ಹೇಳುತ್ತೇನೆ. ರೈಡರ್‌ಗೆ ಏನು ಕೊಡುತ್ತೀರೋ ಕ್ಯಾಚರ್‌ಗೂ ಅದನ್ನೇ ಕೊಡಿ. ಸೈಕಲ್ ಆದರೆ ಇಬ್ಬರಿಗೂ ಸೈಕಲ್, ದುಡ್ಡು ಸಾಲದಿದ್ದರೆ ಇಬ್ಬರಿಗೂ ಗೋಡೆ ಗಡಿಯಾರ.

ಪಂದ್ಯಾವಳಿ ಮುಗಿದ ಮೇಲೆ ಆ ಹಾಳೆ ಎಸೆಯಬೇಡಿ. ಜೆರಾಕ್ಸ್ ಮಾಡಿಸಿ, ಸಂಘದ ಮೊಹರು ಒತ್ತಿ, ಒಂದೊಂದು ತಂಡದ ನಾಯಕನ ಕೈಗೆ ಕೊಡಿ. ದಸರಾ ಕ್ರೀಡಾಕೂಟದ ತಾಲ್ಲೂಕು ಆಯ್ಕೆಗೆ ಹುಡುಗರು ಬರುವಾಗ ಅದು ಅವರ ಜೇಬಿನಲ್ಲಿರಲಿ.